ಅದು ಯಾವ ಕಿತಾಬಿನಲ್ಲಿದೆ, ಹಜರತ್?

ನವೆಂಬರ್ 11 ಮೌಲಾನಾ ಅಬುಲ್ ಕಲಾಮ್ ಆಝಾದರ ಜನ್ಮದಿನ. 2008ರಿಂದ ಅದನ್ನು ರಾಷ್ಟ್ರೀಯ ಶಿಕ್ಷಣ ದಿನವೆಂದು ಆಚರಿಸಲಾಗುತ್ತಿದೆ. ಕೆಲವು ವರ್ಷಗಳ ಹಿಂದೆ ಆ ದಿನ ಇಂಡಿ ತಾಲ್ಲೂಕಿನ ನಮ್ಮೂರಿನ ಕನ್ನಡ ಶಾಲೆಯವರು ಎರಡು ಮಾತನಾಡಲು ನನ್ನನ್ನು ಕರೆದಿದ್ದರು. ಮದ್ರಸದಲ್ಲಿ ಓದಿದವನು, ಮೇಲಾಗಿ ಕನ್ನಡದಲ್ಲಿ ಬಿ.ಎ. ಮಾಡಿದವನು ಎಂಬ ಕಾರಣಕ್ಕೆ ಇಂತಹ ಆಹ್ವಾನಗಳು ನನಗೆ ಆಗಾಗ ಬರುತ್ತವೆ. ಜ್ಞಾನಾರ್ಜನೆಗೆ ಇಸ್ಲಾಮ್ ನೀಡಿರುವ ಮಹತ್ವವನ್ನು ವಿವರಿಸುತ್ತ, ವಿದ್ಯೆಗಾಗಿ ದೂರದ ಚೀನಾ ದೇಶಕ್ಕಾದರೂ ಹೋಗಬೇಕೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದಾರೆ ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮುಖ್ಯೋಪಾಧ್ಯಾಯರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಮುಂದಿನ ವಾರವೇ ಪೇಂಟರನ್ನು ಕರೆಸಿ ಶಾಲೆಯ ಕಂಪೌಂಡ್ ಗೋಡೆಯ ಮೇಲೆ ಬಸವಣ್ಣ, ವಿವೇಕಾನಂದ, ಅಂಬೇಡ್ಕರರ ನುಡಿಗಳ ಸಾಲಿನಲ್ಲಿಯೇ ಅದನ್ನೂ ನೀಲಿ ಅಕ್ಷರಗಳಲ್ಲಿ ಬರೆಸಿ, ಕೆಳಗೆ ಪ್ರವಾದಿವರ್ಯರ(ಸ) ಹೆಸರನ್ನು ಹಾಕಿಸಿದರು. ನಮ್ಮ ಜಮಾಅತಿನ ಹಿರಿಯರು ನಮಾಝ್ ಮುಗಿಸಿ ಅತ್ತ ಹೋಗಿ ನೋಡಿಕೊಂಡು ಬಂದರು. ನನಗೂ ಹೆಮ್ಮೆಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಸಂಜೆಯ ಮಕ್ತಬಿನಲ್ಲಿ, ಅದೇ ಶಾಲೆಯ ಏಳನೇ ತರಗತಿಯಲ್ಲಿ ಓದುವ ಒಬ್ಬ ಹುಡುಗಿ ಎದ್ದು ನಿಂತಳು. "ಹಜರತ್, ನಿನ್ನಿ ಚೀನಾದ್ದು ಹದೀಸ್ ಹೇಳಿದ್ರಲ್ರಿ, ಅದು ಯಾವ ಕಿತಾಬಿನ್ಯಾಗ ಐತ್ರಿ? ಸರ್ ಬರಕೊಂಡ್ ಬಾ ಅಂದಾರ."

"ಬುಖಾರಿ ಶರೀಫಿನಲ್ಲಿ" ಎಂಬ ಉತ್ತರ ನಾಲಿಗೆಯ ತುದಿಯವರೆಗೂ ಬಂದಿತ್ತು. ನಮ್ಮ ವಕ್ತರ ಬಾಯಲ್ಲಿ ಆ ಉತ್ತರ ಯಾವಾಗಲೂ ಸಿದ್ಧವಾಗಿರುತ್ತದೆ. ಕೇಳಿದವರು ಸುಮ್ಮನಾಗುತ್ತಾರೆ. ಅಂದು ಯಾಕೋ ಅದನ್ನು ನುಂಗಿಕೊಂಡು, "ನೋಡಿ ಹೇಳುತ್ತೇನಮ್ಮಾ" ಎಂದೆ.

ಮದ್ರಸದಲ್ಲಿ ಎಂಟು ವರ್ಷ ಓದಿದವನು ನಾನು. ಆ ವಾಕ್ಯವನ್ನು ಬಾಲ್ಯದಿಂದ ಕೇಳಿದ್ದೇನೆ, ಜಲ್ಸಾಗಳಲ್ಲಿ ಕೇಳಿದ್ದೇನೆ, ಮಂತ್ರಿಗಳ ಭಾಷಣದಲ್ಲಿಯೂ ಕೇಳಿದ್ದೇನೆ. ಆದರೆ ಅದನ್ನು ಪುಟದ ಮೇಲೆ, ಸನದಿನೊಂದಿಗೆ, ಒಮ್ಮೆಯೂ ನೋಡಿರಲಿಲ್ಲ. ಬುಖಾರಿಯಲ್ಲಿ ಅದಿರಲಿಲ್ಲ, ಮುಸ್ಲಿಮ್‌ನಲ್ಲಿಯೂ ಇರಲಿಲ್ಲ. ಕೊನೆಗೆ ದೊರೆತದ್ದು ಎಲ್ಲಿ? ಸುಳ್ಳು ಹದೀಸ್‌ಗಳನ್ನು ಗುರುತಿಸಲೆಂದೇ ಇಬ್ನುಲ್ ಜೌಝಿಯವರು ರಚಿಸಿದ 'ಅಲ್ ಮೌದೂಆತ್' ಎಂಬ ಸಂಗ್ರಹದಲ್ಲಿ! ಇಬ್ನ್ ಹಿಬ್ಬಾನರು ಅದನ್ನು ಬುಡವಿಲ್ಲದ್ದೆಂದು ತಳ್ಳಿಹಾಕಿದ್ದಾರೆ. ಇಮಾಮ್ ಬೈಹಕಿಯವರು, ಮಾತು ಪ್ರಸಿದ್ಧವಾದರೂ ಅದರ ಸನದು ದುರ್ಬಲ ಎಂದಿದ್ದಾರೆ. ಈ ಮಾತು ಪ್ರಸಿದ್ಧವೆಂಬುದು ಸುಮಾರು ಒಂದು ಸಾವಿರ ವರ್ಷಗಳಿಂದ ಗೊತ್ತಿದೆ. ಅದರ ಸನದು ನಿಲ್ಲುವುದಿಲ್ಲ ಎಂಬುದೂ ಅಷ್ಟೇ ಕಾಲದಿಂದ ಗೊತ್ತಿದೆ. ಆದರೆ ಮೊದಲನೆಯದು ಮಾತ್ರ ನಮ್ಮ ಊರಿನವರೆಗೆ ಬಂದು ತಲುಪಿತು.

ಮಾತನಾಡುವವನನ್ನು, ಬರೆಯುವವನನ್ನು ಜನರು ಯಾಕೆ ನಂಬುತ್ತಾರೆ, ಯಾಕೆ ನಂಬಬೇಕು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ. ಅಂದು ಶಾಲೆಯಲ್ಲಿ ಮಕ್ಕಳು ನನ್ನನ್ನು ನಂಬಿದ್ದು ನನ್ನ ಗಡ್ಡವನ್ನು ನೋಡಿ, ಟೊಪ್ಪಿಗೆಯನ್ನು ನೋಡಿ, ನಡುನಡುವೆ ನಾನು ಉಚ್ಚರಿಸಿದ ಅರಬಿ ಪದಗಳನ್ನು ಕೇಳಿ. ಅವೆಲ್ಲ ಸುಳ್ಳಲ್ಲ. ಆದರೆ ಅವುಗಳಲ್ಲಿ ಯಾವುದೂ ಆ ಒಂದು ವಾಕ್ಯಕ್ಕೆ ಆಧಾರವಾಗಿರಲಿಲ್ಲ.

ವಿಷಯವನ್ನು ಒಬ್ಬ ಸ್ನೇಹಿತ ಮೌಲಾನಾರಿಗೆ ತಿಳಿಸಿದಾಗ ಅವರು ನಕ್ಕರು. "ಒಳ್ಳೆಯ ಮಾತೇ ಅಲ್ಲವೇ? ಮಕ್ಕಳು ಓದುತ್ತಾರೆ, ಓದಲಿ ಬಿಡಿ. ಯಾರಿಗೆ ನಷ್ಟ?" ಇದು ಹಳೆಯ ವಾದ. ನೂಹ್ ಬಿನ್ ಅಬೀ ಮರ್ಯಮ್ ಎಂಬ ವಿದ್ವಾಂಸನ ಹೆಸರನ್ನು ಹದೀಸ್ ಶಾಸ್ತ್ರ ಓದಿದವರೆಲ್ಲ ಕೇಳಿರುತ್ತಾರೆ. ಕುರ್‌ಆನಿನ ಒಂದೊಂದು ಸೂರಃ ಓದಿದರೆ ಇಂತಿಂತಹ ಪುಣ್ಯವೆಂಬ ಹದೀಸ್‌ಗಳನ್ನು ಆತ ಹೇಳುತ್ತಿದ್ದ. ಎಲ್ಲಿಂದ ತಂದೆಯೆಂದು ಕೇಳಿದಾಗ, ಜನರು ಕುರ್‌ಆನನ್ನು ಬಿಟ್ಟು ಬೇರೆ ವಿದ್ಯೆಗಳಲ್ಲಿ ಮುಳುಗಿದ್ದನ್ನು ಕಂಡು ಅವರನ್ನು ಮರಳಿ ಕರೆತರಲು ತಾನೇ ಅವನ್ನು ಕಟ್ಟಿದೆನೆಂದು ಒಪ್ಪಿಕೊಂಡನೆಂಬ ವೃತ್ತಾಂತವಿದೆ. ಉದ್ದೇಶಕ್ಕಿಂತ ಪವಿತ್ರವಾದದ್ದು ಬೇರೊಂದು ಇರಲಾರದು. ಆದರೂ ನಮ್ಮ ಮುಹದ್ದಿಸರು ಆತನನ್ನು ಕ್ಷಮಿಸಲಿಲ್ಲ. ಸುಳ್ಳು ಹೇಳುವವರ ಪಟ್ಟಿಯಲ್ಲಿ ಆತನ ಹೆಸರು ಇಂದಿಗೂ ಇದೆ. ತನ್ನ ಮೇಲೆ ಬೇಕೆಂದೇ ಸುಳ್ಳು ಹೊರಿಸುವವನು ನರಕದಲ್ಲಿ ತನ್ನ ಸ್ಥಾನವನ್ನು ಸಿದ್ಧಪಡಿಸಿಕೊಳ್ಳಲಿ ಎಂಬ ಪ್ರವಾದಿವರ್ಯರ(ಸ) ಎಚ್ಚರಿಕೆಯಲ್ಲಿ ಒಳ್ಳೆಯ ಸುಳ್ಳು, ಕೆಟ್ಟ ಸುಳ್ಳು ಎಂಬ ಭೇದವಿಲ್ಲ.

ವಿಶ್ವಾಸಾರ್ಹತೆಯ ಕುರಿತು ಯೋಚಿಸುವಾಗಲೆಲ್ಲ ನನಗೆ ಸಫಾ ಬೆಟ್ಟ ನೆನಪಾಗುತ್ತದೆ. ಬಹಿರಂಗವಾಗಿ ಸಂದೇಶ ಸಾರುವ ಆಜ್ಞೆ ಬಂದಾಗ ಪ್ರವಾದಿವರ್ಯರು(ಸ) ಸಫಾದ ಮೇಲೆ ನಿಂತು ಕುರೈಶರ ಒಂದೊಂದು ಮನೆತನವನ್ನೂ ಹೆಸರು ಹಿಡಿದು ಕರೆದರು. ಜನ ಸೇರಿದಾಗ ಅವರು ಮೊದಲು ಸಂದೇಶವನ್ನು ಹೇಳಲಿಲ್ಲ; ಒಂದು ಪ್ರಶ್ನೆ ಕೇಳಿದರು. ಈ ಬೆಟ್ಟದ ಆಚೆ ನಿಮ್ಮ ಮೇಲೆ ದಾಳಿ ಮಾಡಲು ಒಂದು ಸೈನ್ಯ ಸಿದ್ಧವಾಗಿದೆಯೆಂದು ನಾನು ಹೇಳಿದರೆ ನಂಬುವಿರಾ ಎಂದು. ನಿಮ್ಮಿಂದ ಸತ್ಯವಲ್ಲದೆ ಬೇರೇನನ್ನೂ ನಾವು ಕಂಡಿಲ್ಲವೆಂದು ಜನ ಉತ್ತರಿಸಿದರು. ಅನಂತರವೇ ಅವರು ಹೇಳಬೇಕಾದುದನ್ನು ಹೇಳಿದರು. ಬಹುತೇಕರು ಅಂದು ಒಪ್ಪಲಿಲ್ಲ, ಅಬೂಲಹಬನು ಶಪಿಸಿದನು. ಆದರೆ ಯಾವೊಬ್ಬನೂ "ನೀವು ಸುಳ್ಳುಗಾರರು, ನಮಗೆ ಮೊದಲೇ ಗೊತ್ತಿತ್ತು" ಎನ್ನಲಾರದೆ ಹೋದನು. ಬೆಟ್ಟದ ಮೇಲಿನ ಆ ಕೆಲವು ನಿಮಿಷಗಳ ಹಿಂದೆ ನಲವತ್ತಕ್ಕೂ ಹೆಚ್ಚು ವರ್ಷಗಳ ಬದುಕಿತ್ತು. ಒತ್ತೆಯಿಟ್ಟ ವಸ್ತುಗಳನ್ನು ಮರಳಿಸಿದ ಬದುಕು, ವ್ಯಾಪಾರದಲ್ಲಿ ತೂಕ ತಪ್ಪದ ಬದುಕು, 'ಅಲ್ ಅಮೀನ್' ಎಂಬ ಹೆಸರನ್ನು ಶತ್ರುಗಳಿಂದಲೂ ಪಡೆದ ಬದುಕು.

ಗ್ರೀಕ್ ದಾರ್ಶನಿಕ ಅರಿಸ್ಟಾಟಲ್ ಭಾಷಣಕಲೆಯ ಕುರಿತು ಬರೆದ ಗ್ರಂಥದಲ್ಲಿ ಇದಕ್ಕೆ ಬೇರೆಯಾದ ನಿಲುವಿದೆ. ಕೇಳುಗರನ್ನು ಒಲಿಸಲು ತರ್ಕ, ಭಾವ, ವಕ್ತನ ಶೀಲ ಎಂಬ ಮೂರು ದಾರಿಗಳನ್ನು ಅವನು ಹೇಳುತ್ತಾನೆ. ಮೂರನೆಯದೇ ಬಲು ಪ್ರಬಲವೆಂದೂ ಒಪ್ಪುತ್ತಾನೆ. ಆದರೆ ಆ ಶೀಲದ ನಂಬಿಕೆ ಮಾತಿನಿಂದಲೇ ಹುಟ್ಟಬೇಕು, ಆತನ ಬಗ್ಗೆ ಮೊದಲೇ ಇದ್ದ ಅಭಿಪ್ರಾಯದಿಂದಲ್ಲ ಎಂಬುದು ಅವನ ಮತ. ನಮ್ಮ ಬಸವಣ್ಣನವರು ಬದುಕಿದ ಶತಮಾನದಲ್ಲಿಯೇ ಸ್ಪೇನಿನಲ್ಲಿದ್ದ ಇಬ್ನ್ ರುಶ್ದ್ ಈ ಗ್ರಂಥಕ್ಕೆ ಅರಬಿಯಲ್ಲಿ ವ್ಯಾಖ್ಯಾನ ಬರೆದರು. ನ್ಯಾಯಾಲಯದಲ್ಲಿ, ಅಪರಿಚಿತರ ಸಭೆಯಲ್ಲಿ ಅರಿಸ್ಟಾಟಲನ ಮಾತು ಸರಿಯಿರಬಹುದು. ದೀನಿನ ಮಾತಿಗೆ ಅದು ಸಾಲದೆಂದೇ ನನ್ನ ಅಭಿಪ್ರಾಯ. ಒಂದು ಗಂಟೆಯ ಮಾತಿನಲ್ಲಿ ಶೀಲವಂತನಂತೆ ತೋರುವುದು ಅಷ್ಟು ಕಷ್ಟವಲ್ಲ. ನಾನೇ ಎಷ್ಟೋ ಸಲ ತೋರಿದ್ದೇನೆ.

ಅಬೂಸುಫ್ಯಾನರ ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. ಅವರು ಇನ್ನೂ ಇಸ್ಲಾಮಿನ ಕಡುವಿರೋಧಿಯಾಗಿದ್ದ ಕಾಲದಲ್ಲಿ ರೋಮ್ ಚಕ್ರವರ್ತಿ ಹಿರಾಕ್ಲನು ಅವರನ್ನು ಕರೆಸಿ, ಪ್ರವಾದಿತ್ವವನ್ನು ಸಾರುವ ಮೊದಲು ಆ ವ್ಯಕ್ತಿಯ ಮೇಲೆ ಸುಳ್ಳಿನ ಆರೋಪವೇನಾದರೂ ಇತ್ತೇ ಎಂದು ಕೇಳಿದ. ಇಲ್ಲವೆಂದು ಅವರು ಹೇಳಬೇಕಾಯಿತು. ಹಿಂದೆ ನಿಂತಿದ್ದ ತನ್ನ ಸಂಗಡಿಗರು ತನ್ನನ್ನು ಸುಳ್ಳುಗಾರನೆಂದಾರು ಎಂಬ ನಾಚಿಕೆಯೇ ತನ್ನ ಬಾಯಿ ಕಟ್ಟಿತೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಸಹೀಹ್ ಬುಖಾರಿಯ ಆರಂಭದಲ್ಲಿಯೇ ಈ ಪ್ರಸಂಗವಿದೆ. (ಈ ಸಲ ಪುಟ ತೆರೆದು ನೋಡಿಯೇ ಬರೆಯುತ್ತಿದ್ದೇನೆ.)

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಬೆಳಗಿನ ಪ್ರವಚನಗಳಿಗೆ ಸೇರುತ್ತಿದ್ದ ಜನಸ್ತೋಮವನ್ನು ಸಿಂದಗಿಯವರೂ ಮುದ್ದೇಬಿಹಾಳದವರೂ ಬಸವನ ಬಾಗೇವಾಡಿಯವರೂ ಕಂಡವರೇ. ನಾನೂ ಒಂದು ಮುಂಜಾನೆ ಫಜ್ರ್ ನಮಾಝ್ ಮುಗಿಸಿ, ಕನ್ನಡ ಬಿ.ಎ. ಓದುತ್ತಿದ್ದ ಕುತೂಹಲದಿಂದ, ಹಿಂದಿನ ಸಾಲಿನಲ್ಲಿ ನಿಂತು ಕೇಳಿದ್ದೆ. ದನಿ ಏರಲಿಲ್ಲ, ಕೈ ಬೀಸಲಿಲ್ಲ, ಯಾರನ್ನೂ ಹಳಿಯಲಿಲ್ಲ. ಅವರ ನಂಬಿಕೆ ನಮ್ಮದಲ್ಲ, ನಮ್ಮದು ಅವರದಲ್ಲ; ಆ ವ್ಯತ್ಯಾಸವನ್ನು ನಾನು ಮಸುಕುಗೊಳಿಸಲಾರೆ. ಆದರೆ ಸಾವಿರಾರು ಜನರು ಸೂಜಿ ಬಿದ್ದರೂ ಕೇಳುವ ಮೌನದಲ್ಲಿ ಕುಳಿತದ್ದು ಯಾಕೆಂದು ಯೋಚಿಸಿದಾಗ, ಉತ್ತರ ಅವರ ಅಂಗಿಯಲ್ಲಿತ್ತು. ಆ ಬಿಳಿ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅದನ್ನು ವಿನಯದಿಂದ ನಿರಾಕರಿಸಿ ಪತ್ರ ಬರೆದರು. 2023ರ ಜನವರಿ 2ರಂದು ನಿಧನರಾದಾಗ, ತಮಗೆ ಸ್ಮಾರಕ ಬೇಡವೆಂದು ವರ್ಷಗಳ ಹಿಂದೆಯೇ ಬರೆದಿಟ್ಟದ್ದು ಹೊರಬಂತು. ಆಸೆಯನ್ನು ಬಿಡಬೇಕೆಂದು ಹೇಳುವವನಿಗೆ ಜೇಬಿಲ್ಲದಿದ್ದರೆ ಜನ ಪ್ರಮಾಣಪತ್ರ ಕೇಳುವುದಿಲ್ಲ. ಮಾಡದಿರುವುದನ್ನು ಯಾಕೆ ಹೇಳುತ್ತೀರೆಂದು ಸತ್ಯವಿಶ್ವಾಸಿಗಳನ್ನು ಪ್ರಶ್ನಿಸುವ ಸೂರಃ ಸಫ್ಫ್‌ನ ಆರಂಭದ ವಚನಗಳನ್ನು ಮಿಂಬರಿನ ಮೇಲಿಂದ ಓದುವ ನಾವು, ಅಂದಿನ ಬಯಾನಿಗೆ ಎಷ್ಟು ನಝರಾನಾ ಎಂಬುದನ್ನು ಮೊದಲೇ ಮಾತನಾಡಿಕೊಂಡು ಬಂದಿರುತ್ತೇವೆ.

ಇನ್ನು ನಮ್ಮ ಜಲ್ಸಾಗಳ ಮಾತು. ಮುದ್ದೇಬಿಹಾಳದಿಂದ ಇಂಡಿಯವರೆಗೆ ಯಾವ ಊರಿನ ಫ್ಲೆಕ್ಸ್ ನೋಡಿದರೂ ವಕ್ತನ ಹೆಸರಿಗಿಂತ ಬಿರುದು ಉದ್ದ. ಹೊರಗಿನಿಂದ ಬಂದವರು ಊರಿನ ಉಸ್ತಾದನಿಗಿಂತ ದೊಡ್ಡವರು, ಮೈಕ್ ಒಡೆಯುವಂತೆ ಕೂಗುವವರು ಮೆಲ್ಲಗೆ ಮಾತನಾಡುವವರಿಗಿಂತ ದೊಡ್ಡವರು ಎಂದು ನಮಗೆ ನಾವೇ ಕಲಿಸಿಕೊಂಡಿದ್ದೇವೆ. ಕ್ಲಿಷ್ಟವಾದ ಉರ್ದುವಿನಲ್ಲಿ ಒಂದೂವರೆ ಗಂಟೆ ಮಾತನಾಡಿದರೆ, ಮನೆಯಲ್ಲಿ ದಖನಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಬಳಸುವ ನಮ್ಮ ಯುವಕರಿಗೆ ಅರ್ಧವೂ ತಿಳಿಯುವುದಿಲ್ಲ. "ಭಾರೀ ಆಲಿಮ್" ಎಂದು ತಲೆದೂಗಿ ಎದ್ದು ಹೋಗುತ್ತಾರೆ. ಅದೇ ಮಾತನ್ನು ತಿಳಿಗನ್ನಡದಲ್ಲಿ ಹೇಳಿದವನಿಗೆ, "ಇವನೇನು ಕನ್ನಡದಾಗ ದೀನ್ ಹೇಳ್ತಾನ" ಎಂಬ ಅನುಮಾನ. ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನರ ಭಾಷೆಯಲ್ಲಿಯೇ ಕಳಿಸಿದ್ದಾಗಿ ಅಲ್ಲಾಹನು ಸೂರಃ ಇಬ್ರಾಹೀಮ್‌ನಲ್ಲಿ ಹೇಳಿದ್ದಾನೆ. ತಿಳಿಯದ ಭಾಷೆಯಲ್ಲಿ ಹೇಳಿದ್ದನ್ನು ಯಾರೂ ಪರೀಕ್ಷಿಸಲಾರರು. ಹಾಗೆ ದೊರೆತ ಗೌರವಕ್ಕೆ ಬುಡವೆಲ್ಲಿ?

ಕಥೆಗಳ ವಿಷಯದಲ್ಲಂತೂ ನಾವು ಬಲು ಉದಾರಿಗಳು. ಇಮಾಮ್ ಬುಖಾರಿಯವರು ಒಂದು ಹದೀಸ್‌ಗಾಗಿ ಬಹುದೂರ ಪ್ರಯಾಣಿಸಿ, ಆ ವರದಿಗಾರನು ಬರಿದಾದ ಸೆರಗನ್ನು ತೋರಿಸಿ ತನ್ನ ಪ್ರಾಣಿಯನ್ನು ಕರೆಯುವುದನ್ನು ಕಂಡು, ಪಶುವಿಗೆ ಮೋಸ ಮಾಡುವವನಿಂದ ಹದೀಸ್ ಬೇಡವೆಂದು ಹಿಂತಿರುಗಿದ ಕಥೆಯನ್ನು ನೀವೆಲ್ಲ ಕೇಳಿರುತ್ತೀರಿ. ಮೂಲವನ್ನು ಪರೀಕ್ಷಿಸಬೇಕೆಂಬ ನೀತಿಯನ್ನು ಹೇಳಲು ಈ ಕಥೆಯನ್ನು ಬಳಸಿದ ಯಾವ ವಕ್ತನೂ ಈ ಕಥೆಯ ಮೂಲವನ್ನು ಹೇಳಿದ್ದನ್ನು ನಾನು ಈವರೆಗೆ ಕೇಳಿಲ್ಲ.

ಬಿ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಆರಂಭವಾದಾಗ ನನಗೆ ಮದ್ರಸಕ್ಕೆ ಮರಳಿ ಹೋದಂತಾಗಿತ್ತು. ಒಂದು ವಚನ ಬಸವಣ್ಣನವರದೇ ಹೌದೇ? ಯಾವ ಓಲೆಗರಿಯಲ್ಲಿದೆ? ಆ ಪ್ರತಿ ಯಾವ ಕಾಲದ್ದು? ಪಾಠಾಂತರಗಳಿವೆಯೇ? ಕೊನೆಯ ಅಂಕಿತ ಸರಿಯಿದ್ದ ಮಾತ್ರಕ್ಕೆ ವಚನವೂ ಆ ಶರಣರದೇ ಆಗಬೇಕೇ, ಅಥವಾ ಯಾರೋ ನಂತರದವರು ಬರೆದು ಸೇರಿಸಿದ್ದೇ? ನಮ್ಮ ಅಧ್ಯಾಪಕರು ಇವನ್ನೆಲ್ಲ ಕರಿಹಲಗೆಯ ಮೇಲೆ ಬರೆಯುತ್ತಿದ್ದಾಗ ನಾನು ಪಕ್ಕದ ಪುಟದಲ್ಲಿ ರಿವಾಯತ್, ದಿರಾಯತ್, ಸನದು, ಮತನ್ ಎಂದು ಬರೆದುಕೊಳ್ಳುತ್ತಿದ್ದೆ. ಈ ಶಾಸ್ತ್ರದ ಬಗ್ಗೆ ಕನ್ನಡದಲ್ಲಿ ಗ್ರಂಥ ಬರೆದ ಡಾ. ಎಂ.ಎಂ. ಕಲಬುರ್ಗಿಯವರು ನಮ್ಮ ಸಿಂದಗಿ ತಾಲ್ಲೂಕಿನ ಯರಗಲ್ಲಿನವರು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿ ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದದ್ದು ಬಾಗೇವಾಡಿಯ ಸೀಮೆಯವರೆಲ್ಲ ತಿಳಿದ ಸಂಗತಿ. ಬಸವಣ್ಣನವರ ಹುಟ್ಟೂರಿನ ಜನ ಅವರ ಮಾತಿಗೆ ತಾಳೆಗರಿಯ ಆಧಾರ ಕೇಳುತ್ತಾರೆ. ಅದರಿಂದ ಬಸವಣ್ಣನವರ ಗೌರವ ಕುಂದಿತೆಂದು ಯಾರೂ ಹೇಳಿಲ್ಲ.

ನಮ್ಮ ಮೊಹರಂ ಪದಗಳನ್ನು ಕೇಳಿ. (ಆಚರಣೆಯ ಕುರಿತು ನಮ್ಮಲ್ಲಿರುವ ಭಿನ್ನಾಭಿಪ್ರಾಯ ಈ ಲೇಖನದ ವಿಷಯವಲ್ಲ.) ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ಆ ಪದಗಳಿಗೆ ಜನರು ಇಟ್ಟ ಹೆಸರು 'ರಿವಾಯತ್'. ಒಬ್ಬರಿಂದ ಕೇಳಿ ಇನ್ನೊಬ್ಬರಿಗೆ ತಲುಪಿಸುವುದಕ್ಕೆ ಮುಹದ್ದಿಸರು ಬಳಸುವ ಶಬ್ದವೇ ಅದು. ಪದದ ಕೊನೆಗೆ ಹಾಡುಗಾರರು ತಮ್ಮ ಊರನ್ನೂ ಪದ ಕಟ್ಟಿದವರನ್ನೂ ಹೆಸರಿಸುವುದು ವಾಡಿಕೆ. ಓದು ಬರಹ ಬಾರದ ಹಳ್ಳಿಯ ಹಾಡುಗಾರನೂ ಇದು ಎಲ್ಲಿಯದು, ಯಾರದು ಎಂದು ಹೇಳದೆ ಇಳಿಯುವುದಿಲ್ಲ. ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದು ಈಗ ಚಡಚಣಕ್ಕೆ ಸೇರಿದ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಅವರೊಡನೆ ನಮ್ಮ ಧೂಲಾಸಾಹೇಬರು, ಇಂತಹ ಬಾಯಿಮಾತಿನ ಸಂಪತ್ತನ್ನು ಕೂಡಿಹಾಕಿದವರು. 1931ರ 'ಗರತಿಯ ಹಾಡು' ಆ ಬಳಗದ ಕಾಣಿಕೆ. ಅದು ಗರತಿಯರ ಹಾಡೆಂದೇ ಅವರು ಹೇಳಿದರು, ತಮ್ಮದೆನ್ನಲಿಲ್ಲ. ನಮ್ಮ ಇಂಡಿಯ ನಿಂಬೆಹಣ್ಣಿಗೂ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಇಂಡಿಯದಲ್ಲದ ನಿಂಬೆಯನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ನಿಂಬೆಹಣ್ಣಿಗೆ ಇರುವಷ್ಟು ರಕ್ಷಣೆ ಪ್ರವಾದಿವರ್ಯರ(ಸ) ಹೆಸರಿಗೆ ನಮ್ಮ ಬಾಯಿಯಲ್ಲಿ ಇಲ್ಲವೆಂದು ಬರೆಯಲು ನನಗೆ ಸಂಕಟವಾಗುತ್ತದೆ.

ಸುದ್ದಿಯ ವಿಷಯದಲ್ಲಿ ಈ ಅಜಾಗರೂಕತೆಯ ಬೆಲೆ ಏನೆಂಬುದನ್ನು ಸಿಂದಗಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2012ರ ಜನವರಿ 1ರಂದು ಸಿಂದಗಿಯ ತಹಸೀಲ್ದಾರ್ ಕಚೇರಿಯ ಎದುರು ಪಾಕಿಸ್ತಾನದ ಧ್ವಜ ಹಾರಾಡಿತು. ಪಟ್ಟಣದಲ್ಲಿ ಪ್ರತಿಭಟನೆ, ಉದ್ವಿಗ್ನತೆ. ಯಾರು ಹಾರಿಸಿದರೆಂಬುದನ್ನು ಯಾರೂ ಕಂಡಿರಲಿಲ್ಲ. ಆದರೂ ಬೆರಳುಗಳು ಯಾವ ಓಣಿಯ ಕಡೆ ತಿರುಗಿದ್ದವೆಂಬುದು ಆ ಓಣಿಯ ತಾಯಂದಿರಿಗೆ ಗೊತ್ತು. ಕೆಲವೇ ದಿನಗಳಲ್ಲಿ ಪೊಲೀಸರು ಕೆಲವು ಯುವಕರನ್ನು ಬಂಧಿಸಿದರು, ಅವರು ಮುಸ್ಲಿಮರಾಗಿರಲಿಲ್ಲ. ಬಂಧನವೇ ತೀರ್ಪಲ್ಲ, ಆದುದರಿಂದ ಆ ಯುವಕರ ಬಗ್ಗೆ ನಾನು ಏನನ್ನೂ ಹೇಳಲಾರೆ. ದುಷ್ಟನೊಬ್ಬನು ಸುದ್ದಿ ತಂದರೆ, ತಿಳಿಯದೆ ಒಂದು ಜನಾಂಗಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡದಂತೆ ಮೊದಲು ವಿಚಾರಿಸಿಕೊಳ್ಳಬೇಕೆಂಬ ಸೂರಃ ಹುಜುರಾತ್‌ನ ಆರನೆಯ ವಚನವನ್ನು ಅಂದು ಎಲ್ಲರೂ ಕೇಳಿಸಿಕೊಂಡಿದ್ದರೆ ಎಂದು ನಾವು ಹಂಬಲಿಸಿದ್ದು ನಿಜ.

ಆದರೆ ಹಂಬಲಿಸಿದ ನಾವೇ ಮಾಡುತ್ತಿರುವುದೇನು? ನಮ್ಮ ಮೊಬೈಲುಗಳಲ್ಲಿ ಪ್ರತಿ ಜುಮಾ ಬೆಳಿಗ್ಗೆ ಬರುವ ಸಂದೇಶಗಳನ್ನು ನೋಡಿ. ಈ ದುಆವನ್ನು ಹನ್ನೊಂದು ಜನರಿಗೆ ಕಳಿಸಿದರೆ ಸಂಜೆಯೊಳಗೆ ಶುಭವಾರ್ತೆ, ಕಳಿಸದಿದ್ದರೆ ನಷ್ಟ. ಯಾವುದೋ ದೇಶದ ಯಾವುದೋ ವರ್ಷದ ವಿಡಿಯೋ ನಿನ್ನೆಯದಾಗಿ, ನೆರೆಯ ತಾಲ್ಲೂಕಿನದಾಗಿ ಬರುತ್ತದೆ. ನಮ್ಮ ಮೇಲೆ ಹರಡಿದ ವದಂತಿ ಅನ್ಯಾಯ, ನಾವು ಹರಡಿದ್ದು ಮಾತ್ರ ದೀನಿನ ಸೇವೆ ಎಂದು ತಿಳಿದರೆ, ನಾಳೆ ನಾವು ನಿಜವನ್ನೇ ಹೇಳಿದಾಗಲೂ ನೆರೆಯವನು ಯಾಕೆ ನಂಬಬೇಕು? ಅಲ್ಪಸಂಖ್ಯಾತರ ಸಮುದಾಯಕ್ಕೆ ನಂಬಿಕೆಗಿಂತ ದೊಡ್ಡ ಆಸ್ತಿ ಇಲ್ಲ. ಹೊಲ ಮಾರಿದರೆ ಮತ್ತೆ ಕೊಳ್ಳಬಹುದು.

ಆಧಾರ ಕೇಳುವುದು ಬೇಅದಬಿ, ಹಿರಿಯರಿಗೆ ಅಗೌರವ ಎಂಬ ಭಾವನೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಹಝ್ರತ್ ಅಬೂಮೂಸಾ ಅಶ್‌ಅರಿ(ರ) ಒಮ್ಮೆ ಖಲೀಫಾ ಉಮರ್(ರ)ರ ಮನೆಗೆ ಬಂದು ಮೂರು ಸಲ ಅನುಮತಿ ಕೇಳಿ, ಉತ್ತರ ಬಾರದಿರಲು ಹಿಂತಿರುಗಿದರು. ಯಾಕೆ ಹೋದಿರೆಂದು ಕೇಳಿದಾಗ, ಮೂರು ಸಲಕ್ಕೆ ಅನುಮತಿ ಸಿಗದಿದ್ದರೆ ಮರಳಬೇಕೆಂದು ಪ್ರವಾದಿವರ್ಯರಿಂದ(ಸ) ಕೇಳಿದ್ದೇನೆಂದರು. ಎದುರಿಗಿದ್ದವರು ಸಾಮಾನ್ಯರಲ್ಲ, ಸ್ವತಃ ಸಹಾಬಿ. ಆದರೂ ಉಮರ್(ರ), ಇದಕ್ಕೆ ಸಾಕ್ಷಿ ತನ್ನಿ ಎಂದರು. ಅಬೂಮೂಸಾ(ರ) ಅನ್ಸಾರರ ಒಂದು ಕೂಟಕ್ಕೆ ಹೋಗಿ ಗಾಬರಿಯಿಂದ ಕೇಳಿದಾಗ, ಇದಕ್ಕೆ ನಮ್ಮಲ್ಲಿ ಅತಿ ಕಿರಿಯನು ಬಂದರೂ ಸಾಕೆಂದು ಹಿರಿಯರು ಹೇಳಿ, ಅಬೂಸಈದ್ ಖುದ್ರಿ(ರ)ಯವರನ್ನು ಕಳಿಸಿದರು. ಆ ಕಿರಿಯರು ಖಲೀಫರ ಮುಂದೆ ನಿಂತು ಸಾಕ್ಷಿ ನುಡಿದರು. ಇದು ಬುಖಾರಿ, ಮುಸ್ಲಿಮ್ ಎರಡರಲ್ಲಿಯೂ ಇದೆ. ಮಕ್ತಬಿನ ಆ ಹುಡುಗಿ ನನ್ನನ್ನು ಕೇಳಿದ್ದು ಉಮರ್(ರ) ಕೇಳಿದ ಪ್ರಶ್ನೆಯನ್ನೇ. ನನ್ನ ಬಳಿ ಅಬೂಸಈದರು ಇರಲಿಲ್ಲ, ಅಷ್ಟೆ.

ಗೊತ್ತಿಲ್ಲವೆಂದು ಹೇಳುವುದನ್ನೂ ನಾವು ಮರೆತಿದ್ದೇವೆ. ಇಮಾಮ್ ಮಾಲಿಕರಿಗೆ 48 ಪ್ರಶ್ನೆಗಳನ್ನು ಕೇಳಲಾಗಿ, 32ಕ್ಕೆ ಅವರು ನನಗೆ ತಿಳಿಯದೆಂದು ಉತ್ತರಿಸಿದರೆಂಬ ವರದಿಯಿದೆ. ಮದೀನಾದ ಇಮಾಮರಿಗೆ ಮೂರರಲ್ಲಿ ಎರಡು ತಿಳಿಯಲಿಲ್ಲ. ನಮ್ಮ ಯೂಟ್ಯೂಬಿನ ಮುಫ್ತಿಗಳಿಗೆ ತಲಾಖಿನಿಂದ ಷೇರು ಮಾರುಕಟ್ಟೆಯವರೆಗೆ ತಿಳಿಯದ್ದೊಂದೂ ಇಲ್ಲ.

ಹುಡುಗಿ ಕೇಳಿ ಎರಡು ವಾರ ನಾನು ಸುಮ್ಮನಿದ್ದೆ. ಮೂರನೆಯ ಜುಮಾ, ಖುತ್ಬಾಕ್ಕೆ ಮೊದಲಿನ ಕನ್ನಡ ಬಯಾನಿನಲ್ಲಿ ಎದ್ದು ನಿಂತು, ಶಾಲೆಯಲ್ಲಿ ನಾನು ಹೇಳಿದ ಮಾತು ಪ್ರವಾದಿವರ್ಯರದ್ದೆಂದು(ಸ) ಸ್ಥಿರಪಟ್ಟಿಲ್ಲ, ತಪ್ಪು ನನ್ನದು ಎಂದೆ. ಜ್ಞಾನದ ದಾರಿ ಹಿಡಿದವನಿಗೆ ಅಲ್ಲಾಹನು ಸ್ವರ್ಗದ ದಾರಿಯನ್ನು ಸುಗಮಗೊಳಿಸುವನೆಂಬ, ಅಬೂಹುರೈರಾ(ರ)ರಿಂದ ವರದಿಯಾದ, ಸಹೀಹ್ ಮುಸ್ಲಿಮ್‌ನ ಹದೀಸನ್ನು ಅದರ ಬದಲಿಗೆ ಹೇಳಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಬೆನ್ನು ಪೂರ್ತಿ ಬೆವರಿತ್ತು.

ನಮಾಝ್ ಮುಗಿದ ಮೇಲೆ ಕಮಿಟಿಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಸಿಟ್ಟಾದರು. "ಮಿಂಬರಿನ ಇಜ್ಜತ್ ಕಳದ್ರಿ ಮೌಲಾನಾ. ನಾಳಿ ನೀವು ಖರೇ ಹೇಳಿದ್ರೂ ಇವ್ರು ಕಿತಾಬ್ ಕೇಳ್ತಾರ." ಅವರ ಭಯ ಪೊಳ್ಳಲ್ಲ, ಅಂದಿನಿಂದ ಜನ ನಿಜವಾಗಿಯೂ ಕಿತಾಬು ಕೇಳುತ್ತಿದ್ದಾರೆ. ಚಪ್ಪಲಿ ಹಾಕಿಕೊಳ್ಳುತ್ತಿದ್ದ ಮುದುಕರೊಬ್ಬರು, ತೊಗರಿ ಬೆಳೆಯುವ ರೈತ, ಹೆಬ್ಬೆಟ್ಟಿನ ಮನುಷ್ಯ, ನನ್ನ ಹೆಗಲ ಮೇಲೆ ಕೈಯಿಟ್ಟು, "ತಪ್ಪಾತು ಅಂತ ಮೈಕಿನ್ಯಾಗ ಹೇಳಿದ ಮೌಲ್ಸಾಬನ್ನ ಎಪ್ಪತ್ ವರ್ಷದಾಗ ಇವತ್ತ ನೋಡೀನಿ" ಎಂದು ನಕ್ಕು ಹೋದರು. ಅದು ಹೊಗಳಿಕೆಯೋ ಕುಚೋದ್ಯವೋ ನನಗೆ ಇನ್ನೂ ತಿಳಿದಿಲ್ಲ.

ಮುಖ್ಯೋಪಾಧ್ಯಾಯರ ಬಳಿ ಹೋಗುವುದು ಇನ್ನೂ ಕಠಿಣವಾಗಿತ್ತು. ಬೇರೆ ಧರ್ಮದವರೆದುರು ನಮ್ಮದೇ ತಪ್ಪನ್ನು ಹೇಳುವಾಗ ನಾಲಿಗೆ ತೊದಲುತ್ತದೆ. ಅವರು ಪೂರ್ತಿ ಕೇಳಿ, "ಇರ್ಲಿ ಬಿಡ್ರಿ ಸರ್, ಒಳ್ಳೇ ಮಾತೇ ಅದ ಅಲ್ರಿ" ಎಂದರು. ಮಾತು ಇರಲಿ, ಹೆಸರು ಮಾತ್ರ ತೆಗೆಸಿ ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿ, "ವಚನಕ್ಕ ಬ್ಯಾರೆ ಅಂಕಿತ ಹಾಕಿದಂಗಾತು ಅಂತೀರಿ" ಎಂದರು. ಅವರೂ ಕನ್ನಡ ಎಂ.ಎ. ಮಾಡಿದವರು.

ಈಗ ಗೋಡೆಯ ಮೇಲೆ ವಾಕ್ಯವಿದೆ, ಅದರ ಕೆಳಗೆ ಒಂದು ಬಿಳಿಯ ಪಟ್ಟಿಯಿದೆ. ಮಕ್ತಬಿನ ಮಕ್ಕಳು ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಎಲ್ಲಿಯೇ ಒಂದು ಹದೀಸ್ ಕೇಳಿದರೂ ಅದನ್ನು, ಹೇಳಿದವರು ಯಾರೆಂಬುದನ್ನು ಎಡಗಡೆ ಬರೆಯುತ್ತಾರೆ; ಬಲಗಡೆ ಕಿತಾಬಿನ ಹೆಸರು, ಸಂಖ್ಯೆ. ಬಲಗಡೆ ಇನ್ನೂ ಹನ್ನೆರಡು ಸಾಲುಗಳು ಖಾಲಿಯಿವೆ. ಅವುಗಳಲ್ಲಿ ಏಳರ ಎಡಗಡೆ ಇರುವುದು ನನ್ನದೇ ಹೆಸರು.